ಕಲ್ಲಿನ ಮೇಲೆ ಹೆಸರು, ಕಡತದಲ್ಲಿ ಅಪರಾಧ: ಮಾಟಗಾತಿ ಸ್ಮಾರಕಗಳ ಸುತ್ತಲ ಗೊಂದಲ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸೇಲಂ ಊರಿನಲ್ಲಿ 1692ರ ಮಾಟಗಾತಿ ವಿಚಾರಣೆಗೆ ಬಲಿಯಾದವರ ಸ್ಮಾರಕ ಎದ್ದದ್ದು 1992ರಲ್ಲಿ. ಅದೇ ವಿಚಾರಣೆಗಳ ಸರಣಿಯಲ್ಲಿ ಮರಣದಂಡನೆ ವಿಧಿಸಲಾಗಿದ್ದ ಎಲಿಜಬೆತ್ ಜಾನ್ಸನ್ ಜೂನಿಯರ್ ಎಂಬಾಕೆ ಕಾನೂನಿನ ಕಣ್ಣಿನಲ್ಲಿ ನಿರಪರಾಧಿಯಾದದ್ದು 2022ರ ಜುಲೈ 28ರಂದು. ಮರುವರ್ಷ ಪಕ್ಕದ ಕನೆಕ್ಟಿಕಟ್ ರಾಜ್ಯದ ಶಾಸನಸಭೆ ತನ್ನ ನೆಲದಲ್ಲಿ ಶಿಕ್ಷೆಗೊಳಗಾದ 12 ಮಂದಿಯನ್ನು ದೋಷಮುಕ್ತರೆಂದು ಸಾರಿತು. ಬಾಸ್ಟನ್‌ನಲ್ಲಿ ಗಲ್ಲಿಗೇರಿದವರ ಹೆಸರೂ ಶುದ್ಧವಾಗಬೇಕು ಎಂಬ ಬೇಡಿಕೆ ಈಗ ಮ್ಯಾಸಚೂಸೆಟ್ಸ್ ಶಾಸನಸಭೆಯ ಮುಂದಿದೆ.

ಈ ಸುದ್ದಿಗಳನ್ನು ಒಟ್ಟಿಗೆ ಓದಿದವರಿಗೆ ತಲೆಬುಡ ಹತ್ತುವುದಿಲ್ಲ. ಸ್ಮಾರಕ ಕಟ್ಟಿ ಮೂವತ್ತು ವರ್ಷವಾದ ಮೇಲೂ ಒಬ್ಬಾಕೆ ಅಪರಾಧಿಯಾಗಿಯೇ ಉಳಿದದ್ದು ಹೇಗೆ? ಒಂದೇ ಘಟನೆಗೆ ಒಂದು ಸ್ಮಾರಕದಲ್ಲಿ 19 ಹೆಸರು, ಇನ್ನೊಂದರಲ್ಲಿ 20, ಮತ್ತೊಂದರಲ್ಲಿ ಅದಕ್ಕೂ ಹೆಚ್ಚು ಇರುವುದೇಕೆ? ಮುನ್ನೂರು ವರ್ಷದ ಹಿಂದೆ ಸತ್ತವರಿಗೆ ಶಾಸನಸಭೆಯ ಮತದಿಂದ ಸಿಗುವುದೇನು?

ಕಲ್ಲಿನ ಕೆಲಸ ಬೇರೆ, ಕಾಗದದ ಕೆಲಸ ಬೇರೆ. ಕಲ್ಲು ನಿಲ್ಲಿಸುವುದು ಊರಿನ ಕೈಯಲ್ಲಿದೆ. ತೀರ್ಪು ಅಳಿಸುವುದು ರಾಜ್ಯದ ಕೈಯಲ್ಲಿದೆ. ಒಂದು ಆಗಿದ್ದರೆ ಇನ್ನೊಂದೂ ಆಗಿದೆ ಎಂದು ಜನ ನಂಬಿದ್ದರಿಂದಲೇ ಕೆಲವು ಹೆಸರುಗಳು ಇಷ್ಟು ಕಾಲ ಯಾರ ಕಣ್ಣಿಗೂ ಬೀಳದೆ ಉಳಿದವು.

ಊರೇ ದೂರುದಾರ, ಊರೇ ಸಾಕ್ಷಿ

ವಸಾಹತು ಎಂದಕೂಡಲೇ ನಮಗೆ ನೆನಪಾಗುವುದು ಹೊರಗಿನಿಂದ ಬಂದು ಆಳಿದ ಬ್ರಿಟಿಷರು. ಇಲ್ಲಿಯ ಸಂಗತಿ ಬೇರೆ. ಹದಿನೇಳನೆಯ ಶತಮಾನದ ನ್ಯೂ ಇಂಗ್ಲೆಂಡ್ ಎಂದರೆ ಇಂಗ್ಲೆಂಡಿನಿಂದ ಹೋಗಿ ನೆಲೆಸಿದವರ ಹಳ್ಳಿಗಳು. ದೊರೆ ಲಂಡನ್ನಿನಲ್ಲಿದ್ದರೂ ನ್ಯಾಯಾಧೀಶರು, ಜ್ಯೂರಿ, ಜೈಲಿನ ಕಾವಲುಗಾರ ಎಲ್ಲರೂ ಸುತ್ತಮುತ್ತಲಿನವರೇ. ಪಕ್ಕದ ಮನೆಯವರು ದೂರು ಕೊಟ್ಟರು, ಎದುರು ಮನೆಯವರು ಸಾಕ್ಷಿ ನುಡಿದರು, ಸಮೀಪದ ಊರಿನವರು ಜ್ಯೂರಿಯಲ್ಲಿ ಕೂತರು. ಹೊರಗಿನವರ ಮೇಲೆ ತಪ್ಪು ಹೊರಿಸಿ ಕೈ ತೊಳೆದುಕೊಳ್ಳುವ ದಾರಿ ಈ ಊರುಗಳಿಗೆ ಇರಲಿಲ್ಲ. ಕೊಂದವರ ಮೊಮ್ಮಕ್ಕಳೂ ಸತ್ತವರ ಮೊಮ್ಮಕ್ಕಳೂ ಅದೇ ಬೀದಿಯಲ್ಲಿ ಬಾಳಿದರು. ಸ್ಮಾರಕಕ್ಕೆ ಮೂರು ಶತಮಾನ ಹಿಡಿದದ್ದಕ್ಕೆ ಇದು ಮೊದಲ ಕಾರಣ.

ಯುರೋಪಿನ ಹಲವೆಡೆ ಮಾಟಗಾತಿಯರೆಂದು ಹೆಸರಿಸಿದವರನ್ನು ಸುಟ್ಟದ್ದು ನಿಜ. ಆದರೆ ಇಂಗ್ಲಿಷ್ ಕಾನೂನಿನಲ್ಲಿ ಮಾಟ ಧರ್ಮದ್ರೋಹವಲ್ಲ, ಕೊಲೆ–ದರೋಡೆಗಳ ಸಾಲಿಗೆ ಸೇರಿದ ಅಪರಾಧ. ಅದಕ್ಕೆ ಶಿಕ್ಷೆ ಗಲ್ಲು. ಸೇಲಂನಲ್ಲಿ ಯಾರನ್ನೂ ಸುಡಲಿಲ್ಲ. 14 ಹೆಂಗಸರು, 5 ಗಂಡಸರು, ಒಟ್ಟು 19 ಮಂದಿ ನಾಲ್ಕು ದಿನಗಳಲ್ಲಿ ನೇಣಿಗೇರಿದರು: 1692ರ ಜೂನ್ 10ರಂದು ಒಬ್ಬರು, ಜುಲೈ 19ರಂದು ಐವರು, ಆಗಸ್ಟ್ 19ರಂದು ಐವರು, ಸೆಪ್ಟೆಂಬರ್ 22ರಂದು ಎಂಟು ಮಂದಿ. ಜೈಲ್ಸ್ ಕೋರಿ ಎಂಬ ಮುದುಕ ತಪ್ಪಿತಸ್ಥನೋ ಅಲ್ಲವೋ ಎಂಬ ಪ್ರಶ್ನೆಗೆ ಬಾಯಿ ಬಿಡಲಿಲ್ಲ. ಆ ಉತ್ತರವಿಲ್ಲದೆ ವಿಚಾರಣೆ ಮುಂದೆ ಸಾಗುವಂತಿರಲಿಲ್ಲ. ಬಾಯಿ ಬಿಡಿಸಲೆಂದು ಅವನ ಎದೆಯ ಮೇಲೆ ಕಲ್ಲು ಹೇರುತ್ತ ಹೋದರು. ಸೆಪ್ಟೆಂಬರ್ 19ರಂದು ಅವನು ಅದರಡಿಯಲ್ಲೇ ಸತ್ತ.

ಕೆಟ್ಟದ್ದು ಸಾಕ್ಷ್ಯದ ನಿಯಮ

ಇಡೀ ಪ್ರಕರಣವನ್ನು ಮೂಢನಂಬಿಕೆ ಎಂಬ ಒಂದೇ ಪದದಲ್ಲಿ ಮುಗಿಸಿಬಿಡುವುದುಂಟು. ಆದರೆ ಆ ನಂಬಿಕೆ 1692ಕ್ಕೆ ಮೊದಲೂ ಇತ್ತು, ಆಮೇಲೂ ಇತ್ತು. ಆ ವರ್ಷ ಬದಲಾದದ್ದು ನ್ಯಾಯಾಲಯ ಯಾವುದನ್ನು ಸಾಕ್ಷ್ಯವೆಂದು ಒಪ್ಪಿತು ಎಂಬುದು.

ಕ್ರಮ ಹೀಗಿತ್ತು. ಮೊದಲು ಲಿಖಿತ ದೂರು, ಅದರ ಮೇಲೆ ಬಂಧನದ ವಾರಂಟ್. ಆಮೇಲೆ ಊರ ಜನರೆಲ್ಲ ಸೇರಿದ ಪ್ರಾರ್ಥನಾ ಮಂದಿರದಲ್ಲೇ ಬಹಿರಂಗ ತನಿಖೆ, ಬಳಿಕ ಜೈಲು. ಅಲ್ಲಿಂದ ಪ್ರಕರಣ ಮುಂದುವರಿಯಬೇಕೇ ಎಂದು ನಿರ್ಧರಿಸುವ ಗ್ರ್ಯಾಂಡ್ ಜ್ಯೂರಿ, ಕೊನೆಗೆ ವಿಚಾರಣೆಯ ಜ್ಯೂರಿ. ಆರೋಪಿಗೆ ವಕೀಲರಿರಲಿಲ್ಲ. ಗವರ್ನರ್ ವಿಲಿಯಂ ಫಿಪ್ಸ್ 1692ರ ಮೇ ತಿಂಗಳಲ್ಲಿ ಇದಕ್ಕೆಂದೇ ವಿಶೇಷ ನ್ಯಾಯಾಲಯ ನೇಮಿಸಿದ. ಆ ನ್ಯಾಯಾಲಯ ‘ಛಾಯಾ ಸಾಕ್ಷ್ಯ’ಕ್ಕೆ ಬಾಗಿಲು ತೆರೆಯಿತು. ‘ಈಕೆಯ ನೆರಳು ರಾತ್ರಿ ಬಂದು ನನ್ನ ಕತ್ತು ಹಿಸುಕಿತು’ ಎಂದು ದೂರುದಾರಳು ಹೇಳಿದರೆ, ಆರೋಪಿ ಆ ಹೊತ್ತಿಗೆ ಹತ್ತು ಮೈಲಿ ದೂರದಲ್ಲಿ ಮಲಗಿದ್ದರೂ ಅದು ಸಾಕ್ಷ್ಯವೇ. ಇದನ್ನು ಸುಳ್ಳೆಂದು ತೋರಿಸಲು ಯಾರಿಂದಲೂ ಸಾಧ್ಯವಿಲ್ಲ. ನಾನು ಅಲ್ಲಿರಲಿಲ್ಲ ಎಂಬ ಮಾತಿಗೆ ಬೆಲೆಯೇ ಇಲ್ಲ.

ಇದರ ಜೊತೆಗೆ ತಪ್ಪೊಪ್ಪಿಗೆಯ ಲೆಕ್ಕಾಚಾರ ಸೇರಿತು. ಒಪ್ಪಿಕೊಂಡವರಿಂದ ಇನ್ನಷ್ಟು ಹೆಸರು ಹೊರಡುತ್ತವೆ ಎಂಬ ಆಸೆಯಿಂದ ಅವರನ್ನು ಉಳಿಸಿಕೊಂಡರು. ಒಪ್ಪಿಗೆಯ ಮಾತಿಗೆ ಕೊನೆಯವರೆಗೂ ಅಂಟಿಕೊಂಡವರಲ್ಲಿ ಒಬ್ಬರೂ ನೇಣಿಗೇರಲಿಲ್ಲ. ಸ್ಯಾಮ್ಯುಯೆಲ್ ವಾರ್ಡ್‌ವೆಲ್ ಒಪ್ಪಿಕೊಂಡು, ಆಮೇಲೆ ಅದು ಸುಳ್ಳೆಂದು ಹಿಂತೆಗೆದುಕೊಂಡ. ಅವನನ್ನು ಗಲ್ಲಿಗೇರಿಸಿದರು. ಸತ್ಯ ಹೇಳಿದವರು ಸತ್ತರು, ಸುಳ್ಳು ಹೇಳಿದವರು ಉಳಿದರು. ಮುಂದೆ ಸ್ಮಾರಕಗಳ ಮೇಲೆ ಯಾರ ಹೆಸರು ಬಂತು, ಯಾರದು ಬರಲಿಲ್ಲ ಎಂಬುದಕ್ಕೂ ಇದೇ ಬೇರು.

ಅಕ್ಟೋಬರ್ ಕೊನೆಯಲ್ಲಿ ಆ ವಿಶೇಷ ನ್ಯಾಯಾಲಯವನ್ನು ರದ್ದುಮಾಡಲಾಯಿತು. 1693ರ ಜನವರಿಯಲ್ಲಿ ಕೂತ ಹೊಸ ನ್ಯಾಯಾಲಯ ಛಾಯಾ ಸಾಕ್ಷ್ಯವನ್ನು ಬದಿಗಿಟ್ಟಿತು. ಹತ್ತಾರು ಆರೋಪಿಗಳಲ್ಲಿ ಮೂವರು ಮಾತ್ರ ಅಪರಾಧಿಗಳೆನಿಸಿದರು, ಅವರ ಗಲ್ಲನ್ನೂ ಗವರ್ನರ್ ತಡೆದ. ಆ ಮೂವರಲ್ಲಿ ಒಬ್ಬಳು ಎಲಿಜಬೆತ್ ಜಾನ್ಸನ್. ಜನರ ನಂಬಿಕೆ ಎರಡು ತಿಂಗಳಲ್ಲಿ ಬದಲಾಗಿರಲಿಲ್ಲ. ಸಾಕ್ಷ್ಯದ ನಿಯಮ ಬದಲಾಗಿತ್ತು, ಅಷ್ಟಕ್ಕೇ ಸಾವು ನಿಂತಿತು.

ಒಂದು ತೀರ್ಪು ಅಳಿಸಲು 329 ವರ್ಷ

ಮಾಟದ ಅಪರಾಧಕ್ಕೆ ಮರಣದಂಡನೆಯಾದವರು ಕಾನೂನಿನ ಪ್ರಕಾರ ಬದುಕಿದ್ದಾಗಲೇ ‘ಸತ್ತವರು’. ಅವರಿಗೆ ಆಸ್ತಿಯ ಹಕ್ಕಿಲ್ಲ, ಉಯಿಲಿನ ಹಕ್ಕಿಲ್ಲ. ಎಲಿಜಬೆತ್ ಪ್ರಾಕ್ಟರ್ ಗರ್ಭಿಣಿಯಾಗಿದ್ದರಿಂದ ಅವಳ ಗಲ್ಲು ಮುಂದೆ ಹೋಯಿತು, ಅವಳು ಉಳಿದುಕೊಂಡಳು. ಗಂಡ ಜಾನ್ ಪ್ರಾಕ್ಟರ್ ಆಗಸ್ಟ್‌ನಲ್ಲಿ ನೇಣಿಗೇರಿದ್ದ. ಜೈಲಿನಿಂದ ಹೊರಬಂದರೆ ಅವನ ಆಸ್ತಿಯಲ್ಲಿ ಬಿಡಿಗಾಸೂ ಕೇಳುವಂತಿಲ್ಲ, ಏಕೆಂದರೆ ಕಾನೂನಿನ ಲೆಕ್ಕದಲ್ಲಿ ಅವಳಿಲ್ಲ. ಈ ಕಳಂಕವನ್ನು ತೆಗೆಯುವ ಅಧಿಕಾರ ಇದ್ದದ್ದು ಶಾಸನಸಭೆಗೆ.

1711ರ ಅಕ್ಟೋಬರ್‌ನಲ್ಲಿ ಶಾಸನಸಭೆ 22 ಮಂದಿಯ ಹೆಸರು ಬರೆದು ಅವರ ತೀರ್ಪುಗಳನ್ನು ರದ್ದುಗೊಳಿಸಿತು. ಪರಿಹಾರವೆಂದು 578 ಪೌಂಡ್ 12 ಶಿಲ್ಲಿಂಗ್ ಮಂಜೂರಾಯಿತು. ಅದರಲ್ಲಿ ಅತಿ ದೊಡ್ಡ ಪಾಲು, 150 ಪೌಂಡ್, ಪ್ರಾಕ್ಟರ್ ಕುಟುಂಬಕ್ಕೆ ಹೋಯಿತು.

ಎಡವಟ್ಟಾದದ್ದು ಆ ಪಟ್ಟಿ ತಯಾರಾದ ಬಗೆಯಲ್ಲಿ. ನ್ಯಾಯಾಲಯದ ತೀರ್ಪುಗಳನ್ನು ಮುಂದಿಟ್ಟುಕೊಂಡು ಯಾರೂ ಪಟ್ಟಿ ಬರೆಯಲಿಲ್ಲ, ಅರ್ಜಿ ಹಾಕಿದ ಕುಟುಂಬಗಳಿಂದ ಅದು ಬೆಳೆಯಿತು. ಯಾರ ಪರವಾಗಿ ಮಕ್ಕಳೋ ಅಳಿಯಂದಿರೋ ಅರ್ಜಿ ಬರೆದರೋ ಅವರ ಹೆಸರು ಸೇರಿತು. ಬ್ರಿಜೆಟ್ ಬಿಷಪ್, ಸುಸಾನಾ ಮಾರ್ಟಿನ್, ಆಲಿಸ್ ಪಾರ್ಕರ್, ವಿಲ್ಮಟ್ ರೆಡ್, ಮಾರ್ಗರೆಟ್ ಸ್ಕಾಟ್, ಆನ್ ಪುಡಿಯೇಟರ್ ಇವರ ಹೆಸರು ಸೇರಲಿಲ್ಲ. ಎಲಿಜಬೆತ್ ಜಾನ್ಸನ್ ಇನ್ನೂ ಬದುಕಿದ್ದಳು, 1712ರಲ್ಲಿ ತಾನೇ ಅರ್ಜಿ ಹಾಕಿದಳು. ಅದಕ್ಕೆ ಫಲ ಸಿಗಲಿಲ್ಲ.

1957ರಲ್ಲಿ ಬಂದ ನಿರ್ಣಯ ಆನ್ ಪುಡಿಯೇಟರ್ ‘ಮತ್ತು ಇತರ ಕೆಲವರು’ ಎಂದು ಹೇಳಿ ನಿಲ್ಲಿಸಿತು. ಆ ಇತರರು ಯಾರು ಎಂದು ಬರೆಯಲೇ ಇಲ್ಲ. ಯಾರಿಗೂ ಹೊಸ ಹಕ್ಕು ಹುಟ್ಟುವುದಿಲ್ಲ ಎಂಬ ಷರತ್ತು ಮಾತ್ರ ಸ್ಪಷ್ಟವಾಗಿತ್ತು. 2001ರ ಅಕ್ಟೋಬರ್ 31ರಂದು ಸಹಿಯಾದ ಕಾಯ್ದೆ ಉಳಿದ ಐವರು ಹೆಂಗಸರ ಹೆಸರನ್ನು ಅದೇ ನಿರ್ಣಯಕ್ಕೆ ಸೇರಿಸಿತು. ಆ ಪಟ್ಟಿಯೂ ಗಲ್ಲಿಗೇರಿದವರನ್ನಷ್ಟೇ ನೋಡಿತು. ಗಲ್ಲು ತಪ್ಪಿಸಿಕೊಂಡ, ಮಕ್ಕಳಿಲ್ಲದೆ ಸತ್ತ ಜಾನ್ಸನ್ ಪರವಾಗಿ ಕೇಳುವ ವಂಶವೇ ಇರಲಿಲ್ಲ. ಕೊನೆಗೆ ಕೇಳಿದವರು ನಾರ್ತ್ ಆಂಡೋವರ್‌ನ ಎಂಟನೇ ತರಗತಿಯ ಮಕ್ಕಳು. ಪೌರನೀತಿಯ ಪಾಠದ ಭಾಗವಾಗಿ ದಾಖಲೆ ಹುಡುಕಿ, ತಮ್ಮ ಸೆನೆಟರ್ ಡಯಾನಾ ಡಿಜೋಗ್ಲಿಯೊ ಅವರಿಗೆ ಪತ್ರ ಬರೆದರು. ಪ್ರತ್ಯೇಕ ಮಸೂದೆಯಾಗಿ ಹೊರಟದ್ದು ಕಡೆಗೆ ರಾಜ್ಯ ಬಜೆಟ್ಟಿನೊಳಗಿನ ಒಂದು ತಿದ್ದುಪಡಿಯಾಗಿ ಅಂಗೀಕಾರವಾಯಿತು.

1992ರಲ್ಲಿ ಸ್ಮಾರಕ ಎದ್ದಾಗ ಎಲ್ಲ ಮುಗಿಯಿತು ಎಂದುಕೊಂಡವರು ಈ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರಲಿಲ್ಲ. ಆ ಸ್ಮಾರಕದ ಕಲ್ಲಿನಲ್ಲಿ ಹೆಸರಿದ್ದ ಬ್ರಿಜೆಟ್ ಬಿಷಪ್ ಸಹ ಕಾಗದದಲ್ಲಿ ಇನ್ನೂ ಒಂಬತ್ತು ವರ್ಷ ಅಪರಾಧಿಯಾಗಿಯೇ ಇದ್ದಳು.

ಕನೆಕ್ಟಿಕಟ್‌ನಲ್ಲಿ ಕ್ಷಮಾದಾನ ಏಕಿಲ್ಲ?

ಸೇಲಂಗಿಂತ 45 ವರ್ಷ ಮೊದಲೇ ಕನೆಕ್ಟಿಕಟ್‌ನಲ್ಲಿ ನೇಣು ಶುರುವಾಗಿತ್ತು. ವಿಂಡ್ಸರ್ ಊರಿನ ಆಲ್ಸ್ ಯಂಗ್ 1647ರ ಮೇ 26ರಂದು ಹಾರ್ಟ್‌ಫರ್ಡ್‌ನಲ್ಲಿ ನೇಣಿಗೇರಿದಳು. ಮುಂದಿನ ಅಮೆರಿಕವಾದ ಆ ವಸಾಹತುಗಳಲ್ಲಿ ಮಾಟದ ಆರೋಪದ ಮೇಲೆ ಸತ್ತ ಮೊದಲಿಗಳೆಂದು ಅವಳನ್ನು ಗುರುತಿಸುತ್ತಾರೆ. 1663ರ ಹೊತ್ತಿಗೆ ಅಲ್ಲಿ 11 ಮಂದಿ ಗಲ್ಲಿಗೇರಿದ್ದರು.

ಅದೇ ವಿಂಡ್ಸರ್‌ನ ಲಿಡಿಯಾ ಗಿಲ್ಬರ್ಟ್ ಪ್ರಕರಣ ಆರೋಪ ಬೆಳೆಯುವ ರೀತಿಗೆ ಕನ್ನಡಿ. 1651ರಲ್ಲಿ ಊರಿನ ಕಾಲಾಳು ತರಬೇತಿಯಲ್ಲಿ ಥಾಮಸ್ ಆಲಿನ್ ಎಂಬವನ ಬಂದೂಕು ಅಕಸ್ಮಾತ್ ಹಾರಿ ಹೆನ್ರಿ ಸ್ಟೈಲ್ಸ್ ಸತ್ತ. ಆಲಿನ್ ತಪ್ಪೊಪ್ಪಿಕೊಂಡು 20 ಪೌಂಡ್ ದಂಡ ತೆತ್ತ. ಪ್ರಕರಣ ಅಲ್ಲಿಗೆ ಮುಗಿಯಬೇಕಿತ್ತು. ಮೂರು ವರ್ಷದ ಮೇಲೆ, ಆ ಗುಂಡು ಹಾರಲು ಲಿಡಿಯಾಳ ಮಾಟವೇ ಕಾರಣ ಎಂದು ಹೊಸ ಆರೋಪ ಹುಟ್ಟಿತು. 1654ರಲ್ಲಿ ಅವಳನ್ನು ಅಪರಾಧಿಯೆಂದು ತೀರ್ಮಾನಿಸಿದರು.

ವಿಂಡ್ಸರ್ ಪಟ್ಟಣ ಮಂಡಳಿ 2017ರಲ್ಲಿ ಈ ಇಬ್ಬರ ಹೆಸರನ್ನೂ ಸಾಂಕೇತಿಕವಾಗಿ ಶುದ್ಧಗೊಳಿಸುವ ನಿರ್ಣಯ ಮಾಡಿತು. ಸಾಂಕೇತಿಕ ಎಂಬ ಪದ ಅಲ್ಲಿ ಬೇಕೇ ಬೇಕಿತ್ತು, ವಸಾಹತಿನ ನ್ಯಾಯಾಲಯದ ತೀರ್ಪನ್ನು ಪಟ್ಟಣ ಮಂಡಳಿ ರದ್ದುಮಾಡಲಾರದು. ಕನೆಕ್ಟಿಕಟ್‌ನ ಗವರ್ನರ್‌ಗೂ ಆ ಅಧಿಕಾರವಿಲ್ಲ. ಅಲ್ಲಿ ಕ್ಷಮಾದಾನ ನೀಡುವುದು ಪ್ರತ್ಯೇಕ ಮಂಡಳಿ, ಅದು ಸತ್ತವರಿಗೆ ಕ್ಷಮಾದಾನ ಕೊಡುವುದಿಲ್ಲ. ವರ್ಜೀನಿಯಾದಲ್ಲಿ ಪರಿಸ್ಥಿತಿ ಬೇರೆ. 1706ರ ಜುಲೈ 10ರಂದು ನೀರಿನಲ್ಲಿ ಮುಳುಗಿಸಿ ‘ಪರೀಕ್ಷೆ’ಗೆ ಒಡ್ಡಲಾದ ಗ್ರೇಸ್ ಶೆರ್‌ವುಡ್‌ಗೆ ಸರಿಯಾಗಿ 300 ವರ್ಷದ ಬಳಿಕ, ಅದೇ ದಿನ, ಗವರ್ನರ್ ಟಿಮ್ ಕೇನ್ ತಾವೇ ಸಾಂಕೇತಿಕ ಕ್ಷಮಾದಾನ ನೀಡಿದರು. ಒಂದೇ ದೇಶದಲ್ಲಿ ರಾಜ್ಯಕ್ಕೊಂದು ದಾರಿ ಕಾಣುವುದು ಇದರಿಂದಲೇ.

ಕನೆಕ್ಟಿಕಟ್‌ಗೆ ಉಳಿದದ್ದು ಶಾಸನಸಭೆಯ ಜಂಟಿ ನಿರ್ಣಯ. 2008ರಲ್ಲಿ ಅಂಥ ಯತ್ನ ಸೋತಿತ್ತು. 2023ರ ಮೇ ತಿಂಗಳಲ್ಲಿ ಕೆಳಮನೆಯಲ್ಲಿ 121–30, ಸೆನೆಟ್‌ನಲ್ಲಿ 33–1 ಮತಗಳಿಂದ ನಿರ್ಣಯ ಗೆದ್ದಿತು. ಸೆನೆಟ್ ಮತ ಹಾಕಿದ್ದು ಮೇ 25ರಂದು, ಆಲ್ಸ್ ಯಂಗ್ ಸತ್ತು 376 ವರ್ಷ ತುಂಬುವ ಹಿಂದಿನ ದಿನ. ಇದು ಕಾಯ್ದೆಯಲ್ಲ, ಘೋಷಣೆ. ನ್ಯಾಯ ತಪ್ಪಿತ್ತು ಎಂದು ರಾಜ್ಯ ತನ್ನ ಬಾಯಿಂದ ಹೇಳಿತು. ಅದರಿಂದ ಹಣ, ಭೂಮಿ ಏನೂ ಕೈ ಬದಲಾಗಲಿಲ್ಲ.

ಯಾವ ಜಾಗ?

ಊರಿನ ಸ್ಮಾರಕಕ್ಕೆ ನಾಲ್ಕು ಜಾಗಗಳ ಹಕ್ಕು ಇರುತ್ತದೆ: ಬದುಕಿದ ಮನೆ, ವಿಚಾರಣೆ ನಡೆದ ಕಟ್ಟಡ, ನೇಣು ಹಾಕಿದ ಜಾಗ, ಹೂತ ಜಾಗ. ಇವು ನಾಲ್ಕೂ ಒಂದೇ ಕಡೆ ಇರುವುದು ತೀರಾ ಅಪರೂಪ. ನಾಲ್ಕನೆಯದು ಬಹುಮಟ್ಟಿಗೆ ಗೊತ್ತೇ ಇರುವುದಿಲ್ಲ, ಏಕೆಂದರೆ ಅಪರಾಧಿಗಳಿಗೆ ಗುರುತಿನ ಸಮಾಧಿ ಕಟ್ಟುತ್ತಿರಲಿಲ್ಲ. ಮಾರ್ಬಲ್‌ಹೆಡ್‌ನ ಹಳೆಯ ಸ್ಮಶಾನದಲ್ಲಿ ವಿಲ್ಮಟ್ ರೆಡ್ ಹೆಸರಿನ ಕಲ್ಲಿದೆ, ಅದರಡಿಯಲ್ಲಿ ಅವಳಿಲ್ಲ.

1692ರ ಆರೋಪಗಳು ಹುಟ್ಟಿದ್ದು ಆಗಿನ ‘ಸೇಲಂ ಹಳ್ಳಿ’ಯಲ್ಲಿ. ಅದು 1750ರ ದಶಕದಲ್ಲಿ ಬೇರ್ಪಟ್ಟು ಡ್ಯಾನ್‌ವರ್ಸ್ ಎಂಬ ಹೆಸರು ತಳೆಯಿತು. ಸೇಲಂ ಹೆಸರು ಪಟ್ಟಣಕ್ಕೆ ಉಳಿಯಿತು, ಪ್ರವಾಸಿಗರೂ ಅಲ್ಲಿಗೇ ಹೋಗುತ್ತಾರೆ. ಮುನ್ನೂರನೇ ವರ್ಷದಲ್ಲಿ ಎರಡೂ ಕಡೆ ಸ್ಮಾರಕ ಎದ್ದವು. ಡ್ಯಾನ್‌ವರ್ಸ್‌ನದು 1992ರ ಮೇ ತಿಂಗಳಲ್ಲಿ, ಮೊದಲ ತನಿಖೆಗಳು ನಡೆದ ಪ್ರಾರ್ಥನಾ ಮಂದಿರದ ನಿವೇಶನದ ಎದುರಿಗೆ ಎದ್ದಿತು. ಸೇಲಂನದು ಆಗಸ್ಟ್‌ನಲ್ಲಿ, ಹಳೆಯ ಸ್ಮಶಾನದ ಪಕ್ಕದಲ್ಲಿ. ಅದನ್ನು ಲೋಕಾರ್ಪಣೆ ಮಾಡಿದವರು ನಾಜಿ ಶಿಬಿರಗಳಿಂದ ಬದುಕಿ ಬಂದ ಎಲಿ ವೀಸೆಲ್.

ನೇಣು ಹಾಕಿದ ಜಾಗ ಯಾವುದೆಂಬ ಚರ್ಚೆ ಮಾತ್ರ 2016ರವರೆಗೂ ನಡೆಯಿತು. ಗುಡ್ಡದ ತುದಿಯಲ್ಲಿ ನೇಣುಗಂಬವಿತ್ತು ಎಂಬುದು ಜನರ ಕಲ್ಪನೆ. ಸಂಶೋಧಕರ ತಂಡಕ್ಕೆ ದಾರಿ ತೋರಿದ್ದು ರೆಬೆಕ್ಕಾ ಈಮ್ಸ್ ಎಂಬಾಕೆಯ ಹೇಳಿಕೆ. ಆಗಸ್ಟ್ 19ರಂದು ಅವಳನ್ನು ತನಿಖೆಗೆ ಕರೆತರುತ್ತಿದ್ದಾಗ, ಗುಡ್ಡದ ಕೆಳಗಿನ ಮನೆಯಿಂದ ನೇಣು ಹಾಕುವುದನ್ನು ಕಂಡದ್ದಾಗಿ ಹೇಳಿದ್ದಳು. ಆ ಮನೆ ಬಾಸ್ಟನ್ ಸ್ಟ್ರೀಟ್‌ನಲ್ಲಿತ್ತು. ಅಲ್ಲಿಂದ ಗುಡ್ಡದ ತುದಿ ಕಾಣುವುದಿಲ್ಲ, ಕೆಳಗಿನ ಬಂಡೆಯ ಚಾಚು ಕಾಣುತ್ತದೆ. ನೆಲದೊಳಕ್ಕೆ ರೇಡಾರ್ ಬಿಟ್ಟು ನೋಡಿದಾಗ ಆ ಬಂಡೆಯ ಮೇಲೆ ಮಣ್ಣಿನ ಪದರ ಬಹಳ ತೆಳು, ಯಾರನ್ನೂ ಹೂಳುವಷ್ಟು ಆಳವಿಲ್ಲ ಎಂದು ತಿಳಿಯಿತು. ಪ್ರಾಕ್ಟರ್ಸ್ ಲೆಡ್ಜ್ ಎನ್ನುವ ಆ ಜಾಗವನ್ನು ನಗರಾಡಳಿತ 1936ರಲ್ಲೇ ಕೊಂಡಿತ್ತು, ಆದರೆ ಪಾಳು ಬಿಟ್ಟಿತ್ತು. 2017ರ ಜುಲೈ 19ರಂದು, ಐವರು ಹೆಂಗಸರನ್ನು ಅಲ್ಲಿ ಕೊಂದು 325 ವರ್ಷ ತುಂಬಿದ ದಿನ, ಬಂಡೆಯ ಬುಡದಲ್ಲಿ ಅರ್ಧಚಂದ್ರಾಕಾರದ ಕಲ್ಲುಗೋಡೆ ಲೋಕಾರ್ಪಣೆಯಾಯಿತು. ಸುತ್ತ ಮನೆಗಳಿರುವುದರಿಂದ ಬಸ್ಸುಗಳ ಸಂತೆ ಬೇಡ ಎಂಬ ನಿವಾಸಿಗಳ ಮಾತಿಗೆ ಬೆಲೆ ಕೊಟ್ಟು ಅದನ್ನು ಚಿಕ್ಕದಾಗಿ, ಮೌನವಾಗಿ ಇಟ್ಟಿದ್ದಾರೆ.

19, 20, 25: ಯಾರ ಹೆಸರು?

ಪ್ರಾಕ್ಟರ್ಸ್ ಲೆಡ್ಜ್‌ನ ಗೋಡೆಯಲ್ಲಿ 19 ಹೆಸರಿವೆ, ಅಲ್ಲಿ ನೇಣಿಗೇರಿದವರು ಅಷ್ಟೇ ಮಂದಿ. ಸೇಲಂ ಪಟ್ಟಣದ ಸ್ಮಾರಕದಲ್ಲಿ 20 ಕಲ್ಲಿನ ಆಸನಗಳಿವೆ, ಜೈಲ್ಸ್ ಕೋರಿಯೂ ಸೇರಿದ್ದಾನೆ. ಡ್ಯಾನ್‌ವರ್ಸ್‌ನ ಸ್ಮಾರಕ ಜೈಲಿನಲ್ಲಿ ಸತ್ತವರನ್ನೂ ಎಣಿಸುತ್ತದೆ. ಅವರು ಕನಿಷ್ಠ ಐವರು, ಸಾರಾ ಗುಡ್ ಎಂಬಾಕೆಯ ಹಸುಗೂಸೂ ಅದರಲ್ಲಿ ಒಂದು. ಮೂರೂ ಲೆಕ್ಕ ಸರಿಯೇ. ಪ್ರತಿಯೊಂದೂ ಬೇರೆ ಪ್ರಶ್ನೆಗೆ ಉತ್ತರ.

ಮೂರರಲ್ಲಿ ಡ್ಯಾನ್‌ವರ್ಸ್‌ನ ಲೆಕ್ಕವೇ ಹೆಚ್ಚು ನ್ಯಾಯದ್ದು. ಲಿಡಿಯಾ ಡಸ್ಟಿನ್ ಎಂಬ ಮುದುಕಿಯ ಕಥೆ ಸಾಕು. ನ್ಯಾಯಾಲಯ ಅವಳನ್ನು ನಿರಪರಾಧಿ ಎಂದು ಬಿಟ್ಟಿತು. ಆದರೆ ಅಂದು ಕೈದಿ ತನ್ನ ಊಟ, ಕಾವಲು, ಕೈಕೋಳದ ಖರ್ಚನ್ನು ತಾನೇ ಕೊಡಬೇಕಿತ್ತು. ಊಟದ ಲೆಕ್ಕವೇ ವಾರಕ್ಕೆ ಎರಡೂವರೆ ಶಿಲ್ಲಿಂಗ್. ಬಾಕಿ ತೀರಿಸದೆ ಬಿಡುಗಡೆಯಿಲ್ಲ. ಬಾಕಿ ತೀರಿಸಲಾಗದೆ ಅವಳು 1693ರ ಮಾರ್ಚ್‌ನಲ್ಲಿ ಜೈಲಿನಲ್ಲೇ ಸತ್ತಳು. ಗಲ್ಲಿಗೇರಿದವರನ್ನು ಮಾತ್ರ ನೆನೆಯುವ ಕಲ್ಲಿಗೆ ಇವಳು ಕಾಣುವುದಿಲ್ಲ.

ಟಿಟೂಬಾ ಎಲ್ಲಿಯೂ ಕಾಣುವುದಿಲ್ಲ. ಮೊದಲು ಬಂಧನಕ್ಕೊಳಗಾದ ಮೂವರಲ್ಲಿ ಅವಳೊಬ್ಬಳು, ಪಾದ್ರಿಯ ಮನೆಯಲ್ಲಿ ಗುಲಾಮಳಾಗಿದ್ದ ಮೂಲನಿವಾಸಿ ಹೆಂಗಸು. ಒಪ್ಪಿಕೊಂಡದ್ದರಿಂದ ಗಲ್ಲು ತಪ್ಪಿತು, 1693ರಲ್ಲಿ ಗ್ರ್ಯಾಂಡ್ ಜ್ಯೂರಿ ಪ್ರಕರಣ ಕೈಬಿಟ್ಟಿತು. ಯಜಮಾನ ಅವಳ ಜೈಲಿನ ಬಾಕಿ ಕಟ್ಟಲಿಲ್ಲ. ಬಾಕಿ ಕಟ್ಟಿದ ಬೇರೊಬ್ಬ ಅವಳನ್ನು ಕೊಂಡುಕೊಂಡ. ಅಲ್ಲಿಂದಾಚೆ ದಾಖಲೆಯಿಲ್ಲ. ತೀರ್ಪೇ ಇಲ್ಲದ್ದರಿಂದ ರದ್ದುಮಾಡಲು ಕಾಗದವಿಲ್ಲ, ನೇಣಿಗೇರದ್ದರಿಂದ ಕಲ್ಲಿಲ್ಲ.

ನಾಲ್ಕೈದು ವರ್ಷದ ಡೊರೊಥಿ ಗುಡ್ ತಿಂಗಳುಗಟ್ಟಲೆ ಸಂಕೋಲೆಯಲ್ಲಿದ್ದಳು. ಅವಳ ಅಪ್ಪ 1710ರಲ್ಲಿ ಕೊಟ್ಟ ಅರ್ಜಿಯ ಪ್ರಕಾರ ಅವಳ ಬುದ್ಧಿ ಮತ್ತೆ ಸರಿಹೋಗಲೇ ಇಲ್ಲ. ಇಂಥವರನ್ನು ಬಲಿಪಶುಗಳ ಲೆಕ್ಕದಿಂದ ಹೊರಗಿಡುವುದು ಯಾವ ಊರಿಗೂ ಗೌರವ ತರುವುದಿಲ್ಲ.

ಏನು ಬರೆಯಬೇಕು?

246 ಸ್ಪರ್ಧಿಗಳ ನಡುವೆ ಗೆದ್ದ ಸೇಲಂ ವಿನ್ಯಾಸ ಜೇಮ್ಸ್ ಕಟ್ಲರ್ ಮತ್ತು ಮ್ಯಾಗಿ ಸ್ಮಿತ್ ಅವರದು. ಪ್ರವೇಶದ ನೆಲಹಾಸಿನ ಕಲ್ಲುಗಳಲ್ಲಿ ಆರೋಪಿಗಳು ನ್ಯಾಯಾಲಯದಲ್ಲಿ ಆಡಿದ ‘ನಾನು ನಿರಪರಾಧಿ’ ಎಂಬ ಅರ್ಥದ ಮಾತುಗಳಿವೆ. ಆ ಸಾಲುಗಳು ಗೋಡೆಯಡಿಗೆ ಹೋಗಿ ನಡುವೆಯೇ ಕತ್ತರಿಸಿಹೋಗುತ್ತವೆ, ನ್ಯಾಯಾಲಯ ಅವರ ಮಾತನ್ನು ಕತ್ತರಿಸಿದ ಹಾಗೆ. ಗೋಡೆಯಿಂದ ಹೊರಚಾಚಿದ ಒಂದೊಂದು ಆಸನದಲ್ಲೂ ಹೆಸರು, ಸತ್ತ ಬಗೆ, ದಿನಾಂಕ ಇವಿಷ್ಟೇ. ವಿಶೇಷಣ ಒಂದೂ ಇಲ್ಲ.

ಇದು ಬಲವಾದ ವಿನ್ಯಾಸ. ಆದರೂ ಒಂದು ಕೊರತೆಯಿದೆ. ನಮ್ಮ ವೀರಗಲ್ಲುಗಳಲ್ಲಿ ಸತ್ತವನ ಹೆಸರಿನ ಜೊತೆಗೆ ಯಾವ ಊರಿನ ತುರುಗೋಳಿನಲ್ಲಿ, ಯಾರೊಡನೆ ಕಾದಿ ಸತ್ತ ಎಂಬುದೂ ಇರುವುದುಂಟು. ಇಲ್ಲಿ ಕೊಂದದ್ದು ಯಾವುದು ಎಂಬುದನ್ನು ಕಲ್ಲು ಹೇಳುವುದಿಲ್ಲ. ನೋಡಿದವರು ‘ಪಾಪ’ ಎಂದು ಮರುಗಿ ಹೊರಡುತ್ತಾರೆ. ನೆರೆಯವರ ದೂರು, ಛಾಯಾ ಸಾಕ್ಷ್ಯ, ಜೈಲಿನ ಬಾಕಿ ಇವು ಹೇಗೆ ಕೊಂಡಿ ಕೊಂಡಿಯಾಗಿ ನೇಣಿನವರೆಗೆ ತಂದವು ಎಂಬುದು ಅವರಿಗೆ ತಿಳಿಯುವುದಿಲ್ಲ. ಹತ್ತು ಸಾಲಿನ ಪಕ್ಕದ ಫಲಕವೊಂದು ಈ ಕೆಲಸ ಮಾಡಬಲ್ಲದು.

ಡ್ಯಾನ್‌ವರ್ಸ್‌ನಲ್ಲೇ ಇದಕ್ಕಿಂತ ಹಳೆಯ ಮಾದರಿಯಿದೆ. ರೆಬೆಕ್ಕಾ ನರ್ಸ್ ಎಂಬ 71ರ ಅಜ್ಜಿಯನ್ನು ಜ್ಯೂರಿ ಮೊದಲು ನಿರಪರಾಧಿ ಎಂದಿತ್ತು. ನ್ಯಾಯಾಧೀಶರು ಮತ್ತೆ ಯೋಚಿಸಿ ಎಂದು ಹಿಂದಕ್ಕೆ ಕಳಿಸಿದ ಮೇಲೆ ತೀರ್ಪು ಮಗುಚಿತು. ವಂಶಸ್ಥರು 1885ರಲ್ಲಿ ಅವಳಿಗೆ ಸ್ಮಾರಕ ನಿಲ್ಲಿಸಿದರು. 1892ರಲ್ಲಿ ಅದರ ಪಕ್ಕದಲ್ಲೇ ಇನ್ನೊಂದು ಕಲ್ಲು ಬಂತು, ಅವಳ ಪರವಾಗಿ ಅರ್ಜಿಗೆ ಸಹಿ ಹಾಕಿದ 40 ನೆರೆಹೊರೆಯವರ ಹೆಸರಿನ ಕಲ್ಲು. ಆರೋಪಿಯ ಪರ ನಿಂತವರೇ ಮುಂದಿನ ಆರೋಪಿಗಳಾಗುತ್ತಿದ್ದ ದಿನಗಳಲ್ಲಿ ಹಾಕಿದ ಸಹಿ ಅದು. ಎಲ್ಲರೂ ಕುರುಡಾಗಿದ್ದರು, ಕಾಲವೇ ಹಾಗಿತ್ತು ಎಂಬ ಸಮಾಧಾನವನ್ನು ಆ ಒಂದು ಕಲ್ಲು ಸುಳ್ಳು ಮಾಡುತ್ತದೆ.

ಕಟ್ಟುವಾಗ ಎಲ್ಲಿ ತಪ್ಪುತ್ತದೆ

ಚಿಕ್ಕ ಊರುಗಳು ಸಾಮಾನ್ಯವಾಗಿ ವಿನ್ಯಾಸದಿಂದ ಶುರುಮಾಡುತ್ತವೆ. ಶುರುಮಾಡಬೇಕಾದದ್ದು ಕಡತದಿಂದ.

ಮೊದಲ ತೊಡಕು ತಾರೀಖು. ಆಗಿನ ಇಂಗ್ಲಿಷ್ ಪಂಚಾಂಗದಲ್ಲಿ ಹೊಸ ವರ್ಷ ಹುಟ್ಟುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾರ್ಟ್‌ಫರ್ಡ್‌ನ ಗ್ರೀನ್‌ಸ್ಮಿತ್ ದಂಪತಿ ಸತ್ತ ಜನವರಿಯನ್ನು ಅಂದಿನವರು 1662 ಎಂದು ಬರೆದರು, ನಮ್ಮ ಲೆಕ್ಕಕ್ಕೆ ಅದು 1663. ಕಲ್ಲಿನಲ್ಲಿ ಒಂದು, ಪಠ್ಯಪುಸ್ತಕದಲ್ಲಿ ಇನ್ನೊಂದು ಬಂದರೆ ಓದುಗರು ಎರಡನ್ನೂ ನಂಬುವುದಿಲ್ಲ. ಎರಡು ವರ್ಷವನ್ನೂ ಓರೆಗೆರೆಯಿಟ್ಟು ಕೆತ್ತುವುದೇ ಸರಿ.

ಎರಡನೆಯದು ವ್ಯಕ್ತಿಯ ಗುರುತು. ಬ್ರಿಜೆಟ್ ಬಿಷಪ್ ಹೆಂಡದಂಗಡಿ ನಡೆಸುತ್ತಿದ್ದಳು ಎಂದು ತಲೆಮಾರುಗಟ್ಟಲೆ ಬರೆದರು. ಅದು ಸಾರಾ ಬಿಷಪ್ ಎಂಬ ಬೇರೊಬ್ಬಳ ಸಂಗತಿ, ಎರಡು ದಾಖಲೆ ಬೆರೆತುಹೋಗಿದ್ದವು. ಕಾಗದದ ತಪ್ಪನ್ನು ಮುಂದಿನ ಮುದ್ರಣದಲ್ಲಿ ತಿದ್ದಬಹುದು, ಗ್ರಾನೈಟಿನ ತಪ್ಪನ್ನು ತಿದ್ದಲು ಕಲ್ಲನ್ನೇ ಬದಲಿಸಬೇಕು. ಹಾಗಾಗಿ ಹೆಸರು–ದಿನಾಂಕ ಮಾತ್ರ ಕಲ್ಲಿಗೆ, ವಿವರಣೆ ಬದಲಿಸಬಹುದಾದ ಲೋಹದ ಫಲಕಕ್ಕೆ ಎಂದು ವಿಂಗಡಿಸುವುದು ಜಾಣತನ.

ಮೂರನೆಯದು ನೆಲ. ನ್ಯೂ ಇಂಗ್ಲೆಂಡಿನ ಚಳಿಗಾಲದಲ್ಲಿ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿ ಮೇಲಿರುವುದನ್ನು ಎತ್ತುತ್ತದೆ, ವಸಂತದಲ್ಲಿ ಕರಗಿ ಮತ್ತೆ ಕುಸಿಯುತ್ತದೆ. ಅದಕ್ಕಾಗಿ ಮ್ಯಾಸಚೂಸೆಟ್ಸ್‌ನಲ್ಲಿ 48 ಇಂಚು, ಕನೆಕ್ಟಿಕಟ್‌ನಲ್ಲಿ 42 ಇಂಚು ಆಳದಿಂದ ಅಡಿಪಾಯ ಎತ್ತುವುದು ಕಟ್ಟಡಗಳ ನಿಯಮ. ಇದನ್ನು ಮರೆತು ತೆಳು ಹಾಸಿನ ಮೇಲೆ ನಿಲ್ಲಿಸಿದ ಕಲ್ಲು ಕೆಲವೇ ಚಳಿಗಾಲಗಳಲ್ಲಿ ವಾಲುತ್ತದೆ. ಅಮೃತಶಿಲೆಯ ಅಕ್ಷರಗಳು ಆಮ್ಲ ಬೆರೆತ ಮಳೆಗೆ ಕರಗುತ್ತವೆ. ಗ್ರಾನೈಟ್ ತಡೆಯುತ್ತದೆ.

ಹಣದ ವಿಷಯ ಬೇಗ ಮುಗಿಯುತ್ತದೆ. ಪ್ರಾಕ್ಟರ್ಸ್ ಲೆಡ್ಜ್‌ಗೆ ಮ್ಯಾಸಚೂಸೆಟ್ಸ್‌ನ ಸಮುದಾಯ ಸಂರಕ್ಷಣಾ ನಿಧಿಯ ಅನುದಾನ ಮತ್ತು ವಂಶಸ್ಥರ ದೇಣಿಗೆ ಒದಗಿದವು. ಊರಿನ ಮತದಾರರು ಒಪ್ಪಿದರೆ ಆಸ್ತಿ ತೆರಿಗೆಯ ಮೇಲೆ ಶೇ 3ರವರೆಗೆ ಹೆಚ್ಚುವರಿ ಕರ ಹಾಕಿ ಆ ನಿಧಿ ತುಂಬುತ್ತಾರೆ.

ಕಟ್ಟಿದ ಮೇಲಿನ ನಿರ್ವಹಣೆಗೆ ಮಾತ್ರ ಹಣವನ್ನೂ ಆಳನ್ನೂ ಮೊದಲೇ ಗೊತ್ತುಮಾಡಬೇಕು. 2022ರ ಅಕ್ಟೋಬರ್ ಒಂದೇ ತಿಂಗಳಲ್ಲಿ ಸೇಲಂಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಬಂದರು, ಬಹುಪಾಲು ಹ್ಯಾಲೋವೀನ್ ಮೋಜಿಗೆ. ಆ ನೂಕುನುಗ್ಗಲಿನಲ್ಲಿ ಹೆಸರು ಕೆತ್ತಿದ ಆಸನ ಕೂರುವ ಬೆಂಚಾಗಿ ಕಾಣುತ್ತದೆ. ಸೇಲಂ ಸ್ಮಾರಕವನ್ನು ಇಪ್ಪತ್ತು ವರ್ಷಕ್ಕೇ ದುರಸ್ತಿ ಮಾಡಿಸಿ, 2012ರಲ್ಲಿ ಮತ್ತೆ ಲೋಕಾರ್ಪಣೆ ಮಾಡಬೇಕಾಯಿತು.

ಎದುರಾಗುವ ಆಕ್ಷೇಪಗಳು

ಇಂದಿನ ನೈತಿಕತೆಯಿಂದ ಅಂದಿನವರನ್ನು ಅಳೆಯಬಾರದು, ಇದು ನಾಡಿನ ಚರಿತ್ರೆಗೆ ಮಸಿ ಬಳಿಯುವ ಕೆಲಸ ಎಂಬುದು ಮೊದಲ ಆಕ್ಷೇಪ. ಕನೆಕ್ಟಿಕಟ್ ಸೆನೆಟ್‌ನ ಆ ಒಂಟಿ ವಿರೋಧ ಮತದ ಹಿಂದಿದ್ದದ್ದೂ ಇಂಥದೇ ವಾದ. ಆದರೆ ಮೊದಲು ಅಳೆದವರು ಅಂದಿನವರೇ. 1692ರ ಅಕ್ಟೋಬರ್‌ನಲ್ಲೇ ಹಿರಿಯ ಪಾದ್ರಿ ಇಂಕ್ರೀಸ್ ಮೇದರ್ ಛಾಯಾ ಸಾಕ್ಷ್ಯದ ವಿರುದ್ಧ ಬರೆದ. 1697ರ ಜನವರಿ 14ರಂದು ಇಡೀ ವಸಾಹತು ಉಪವಾಸವಿದ್ದಾಗ ನ್ಯಾಯಾಧೀಶ ಸ್ಯಾಮ್ಯುಯೆಲ್ ಸೀವಾಲ್ ಚರ್ಚಿನಲ್ಲಿ ಎದ್ದು ನಿಂತು ತಪ್ಪು ತನ್ನದೆಂದು ಒಪ್ಪಿಕೊಂಡ. ಹನ್ನೆರಡು ಜ್ಯೂರರುಗಳು ಲಿಖಿತ ಕ್ಷಮೆ ಕೇಳಿದರು. ಮುಖ್ಯ ದೂರುದಾರಳಲ್ಲೊಬ್ಬಳಾದ ಆನ್ ಪಟ್ನಂ 1706ರಲ್ಲಿ ಚರ್ಚಿನ ಎದುರು ಕ್ಷಮೆ ಬೇಡಿದಳು. ಇಂದಿನ ನಿರ್ಣಯಗಳು ಆ ಕಾಲದವರೇ ಅರ್ಧಕ್ಕೆ ಬಿಟ್ಟ ಕೆಲಸವನ್ನು ಮುಗಿಸುತ್ತಿವೆ.

ಶಾಸನಸಭೆಗೆ ಬೇರೆ ಕೆಲಸವಿಲ್ಲವೇ ಎಂಬುದು ಎರಡನೆಯದು. ಕನೆಕ್ಟಿಕಟ್‌ನಲ್ಲಿ ನಿರ್ಣಯವನ್ನು ಮುನ್ನಡೆಸಿದ ಸೆನೆಟರ್ ಸೌದ್ ಅನ್ವರ್ ಕೊಟ್ಟ ಕಾರಣಗಳಲ್ಲಿ ಒಂದು, ಮಾಟದ ಹೆಸರಿನ ಕೊಲೆ ಜಗತ್ತಿನಲ್ಲಿ ಇನ್ನೂ ನಿಂತಿಲ್ಲ ಎಂಬುದು. ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿ 2021ರಲ್ಲಿ ಇದೇ ಕುರಿತು ನಿರ್ಣಯ ಮಾಡಿದೆ. ಭಾರತದ ಮಟ್ಟಿಗೆ ಇದು ಹಳೆಯ ಕಥೆಯೇ ಅಲ್ಲ. ಬಿಹಾರ 1999ರಲ್ಲಿ, ಜಾರ್ಖಂಡ್ 2001ರಲ್ಲಿ, ಒಡಿಶಾ 2013ರಲ್ಲಿ ಹೆಂಗಸರನ್ನು ಮಾಟಗಾತಿ ಎಂದು ಹೆಸರಿಸಿ ಹಿಂಸಿಸುವುದರ ವಿರುದ್ಧ ಪ್ರತ್ಯೇಕ ಕಾಯ್ದೆ ಮಾಡಿದವು. ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆ ಜಾರಿಗೆ ಬಂದದ್ದು 2020ರಲ್ಲಿ. ಒಡಿಶಾದ ಕೆಂದುಝರ್ ಜಿಲ್ಲೆಯಲ್ಲಿ ಇಂಥ ಹತ್ಯೆಗಳಿಗೆ ಬಲಿಯಾದವರಿಗೆ ಪೊಲೀಸರೇ ಸ್ಮಾರಕ ನಿಲ್ಲಿಸಿದ್ದಾರೆ. ಅಲ್ಲಿಯ ಕಲ್ಲು ನೋಡುವವರಲ್ಲಿ ಕೊಂದವರ ನೆಂಟರೂ ಸತ್ತವರ ಮಕ್ಕಳೂ ಇರಬಲ್ಲರು.

ಮುಂದೆ ಬರುವ ತೊಡಕು

ಬಾಸ್ಟನ್ ಪ್ರಕರಣಗಳು ಮಾರ್ಗರೆಟ್ ಜೋನ್ಸ್ ನೇಣಿಗೇರಿದ 1648ರಿಂದ ಗುಡಿ ಗ್ಲೋವರ್ ನೇಣಿಗೇರಿದ 1688ರವರೆಗೆ ಹರಡಿವೆ. ಸೇಲಂನಲ್ಲಿ ತನಿಖೆಯ ಪ್ರಶ್ನೋತ್ತರಗಳೇ ರಾಶಿ ಉಳಿದಿವೆ. ಹಿಂದಿನ ಪ್ರಕರಣಗಳಲ್ಲಿ ಕೆಲವಕ್ಕೆ ಒಂದೆರಡು ಸಾಲು ಮಾತ್ರ. ಆಲ್ಸ್ ಯಂಗ್ ಹೆಸರು ನಮಗೆ ಸಿಕ್ಕಿದ್ದೇ ವಿಂಡ್ಸರ್‌ನ ಗುಮಾಸ್ತ ಮ್ಯಾಥ್ಯೂ ಗ್ರಾಂಟ್ ತನ್ನ ದಿನಚರಿಯಲ್ಲಿ ಬರೆದಿಟ್ಟ ಒಂದು ಸಾಲಿನಿಂದ. ಗವರ್ನರ್ ಜಾನ್ ವಿಂಥ್ರಾಪ್ ತನ್ನ ದಿನಚರಿಯಲ್ಲಿ ವಿಂಡ್ಸರ್‌ನ ಒಬ್ಬರು ಎಂದಷ್ಟೇ ಬರೆದಿದ್ದ. ಆರೋಪವೇನು, ಸಾಕ್ಷಿ ಯಾರು ಎಂಬುದು ಉಳಿದಿಲ್ಲ.

ಕಾಗದಕ್ಕೆ ಇದರಿಂದ ಅಡ್ಡಿಯಿಲ್ಲ. ‘ಇವರು ನಿರಪರಾಧಿಗಳು’ ಎನ್ನಲು ಆರೋಪದ ವಿವರ ಬೇಕಿಲ್ಲ, ಏಕೆಂದರೆ ಆ ಅಪರಾಧವನ್ನು ಯಾರೂ ಮಾಡಲು ಸಾಧ್ಯವೇ ಇರಲಿಲ್ಲ. ಕಲ್ಲಿಗೆ ಅಡ್ಡಿಯಿದೆ. 1651ರಲ್ಲಿ ಸ್ಟ್ರಾಟ್‌ಫರ್ಡ್‌ನಲ್ಲೂ 1653ರಲ್ಲಿ ಫೇರ್‌ಫೀಲ್ಡ್‌ನಲ್ಲೂ ನೇಣಿಗೇರಿದ ಇಬ್ಬರು ದಾಖಲೆಯಲ್ಲಿ ‘ಗುಡ್‌ವೈಫ್ ಬ್ಯಾಸೆಟ್’, ‘ಗುಡ್‌ವೈಫ್ ನ್ಯಾಪ್’ ಎಂದಷ್ಟೇ ಇದ್ದಾರೆ. ಗುಡ್‌ವೈಫ್ ಎಂದರೆ ಇಂಥವನ ಹೆಂಡತಿ ಎಂದು. 2023ರ ನಿರ್ಣಯಕ್ಕೂ ಅವರನ್ನು ಹಾಗೆಯೇ ಕರೆಯದೆ ಬೇರೆ ದಾರಿಯಿರಲಿಲ್ಲ. ಈ ಊರುಗಳಲ್ಲಿ ಕಲ್ಲು ಕೆತ್ತುವವರು ಗಂಡನ ಅಡ್ಡಹೆಸರಿನ ಮುಂದೆ ಒಂದು ಹೆಸರು ಹಿಡಿಯುವಷ್ಟು ಜಾಗವನ್ನು ನುಣುಪಾಗಿಸಿ, ಖಾಲಿ ಬಿಡಬೇಕು. ಹಳೆಯ ಕಟ್ಟುಗಳಲ್ಲಿ ಎಲ್ಲಾದರೂ ಆ ಹೆಸರು ಸಿಕ್ಕಿದರೆ ಕೆತ್ತಲು ಬೇಕಾಗುವುದು ಅಷ್ಟೇ ಜಾಗ.